ಅಳಿಯಂದಿರಿಗೆ ರಿಕವರಿ ಬಂದದ್ದು

ಸಿಂಕಿನ ಮುಂದೆ ನಿಂತು ಬೂತಾಯಿ ಮೀನಿನ ತಲೆ ಮುರಿಯುತ್ತಿದ್ದೆ. ನಳ್ಳಿಯಲ್ಲಿ ನೀರು ಬಿಟ್ಟಿತ್ತು, ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ತಿರುಗುತ್ತಿತ್ತು. ಈ ಎರಡು ಗದ್ದಲದ ನಡುವಿನಿಂದ ದಾರಿ ಮಾಡಿಕೊಂಡು ಅಳಿಯಂದಿರ ಸ್ವರ ಹೊರಗಿನ ಕೋಣೆಯಿಂದ ಬಂತು.

"ಬೂಟೇ ಆಗುವುದಿಲ್ಲ ಮಾಮಿ."

ನನಗೆ ಕೇಳಿಸಿದ್ದು ಬೂತಾಯಿ ಆಗುವುದಿಲ್ಲ ಎಂದು. ಮದುವೆಯಾದಂದಿನಿಂದ ನನ್ನ ಕೈಯ ಬೂತಾಯಿ ಪುಳಿಮುಂಚಿಯನ್ನು ಕೇಳಿ ಬಡಿಸಿಕೊಂಡವರು ಅವರು. ಅಂಥವರಿಗೆ ಒಂದು ಶುಕ್ರವಾರ ಬೆಳಿಗ್ಗೆ ಬೂತಾಯಿ ಆಗುವುದಿಲ್ಲವೆಂದರೆ ಹೊಟ್ಟೆಯಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

"ಬಂಗುಡೆ ಹಾಕಿದರೆ ಆದೀತಾ?" ಎಂದು ಕೇಳಿದೆ.

"ಇನ್ನು ಎಂಥ ಹಾಕಿದರೂ ಆಗುವುದಿಲ್ಲ."

ನಾನು ಮೀನನ್ನು ಫ್ರಿಜ್ಜಿಗೆ ಸೇರಿಸಿ ಗಂಜಿಗೆ ನೀರಿಟ್ಟೆ. ಗಂಜಿ ಅರ್ಧ ಬೆಂದ ಮೇಲೆ ಮಗಳು ರತ್ನಾವತಿ ಬಟ್ಟೆ ಒಣಗಿಸಿ ಒಳಗೆ ಬಂದು, ಯಾರಿಗಮ್ಮ ಹುಷಾರಿಲ್ಲದ್ದು ಎಂದು ಕೇಳಿದಳು. ಹುಷಾರಿಲ್ಲದ್ದು ಕಂಪ್ಯೂಟರಿಗೆ ಎಂದು ಆಗಲೇ ನನಗೆ ಗೊತ್ತಾದದ್ದು.

ಅಳಿಯಂದಿರ ಹೆಸರು ಕಮಲಾಕ್ಷ. ಕುವೈತಿನ ಶುವೈಖ್ ಎಂಬಲ್ಲಿ ಒಂದು ಟೈಲ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ಒಮ್ಮೆ ಆಫೀಸಿನ ಪ್ರಿಂಟರಿನೊಳಗೆ ಸಿಕ್ಕಿಬಿದ್ದ ಕಾಗದವನ್ನು ಅವರು ಎಳೆದು ತೆಗೆದಿದ್ದರು. ಕಾಗದ ಹರಿಯದೆ ಬಂತು. ಅಂದಿನಿಂದ ನಾವು ಮನೆ ಮಾಡಿರುವ ಮೈದಾನ್ ಹವಲ್ಲಿಯ ನಮ್ಮ ಊರಿನವರಲ್ಲಿ ಅವರು ಕಂಪ್ಯೂಟರ್ ಕಮಲಾಕ್ಷ. ಆ ಬಿರುದನ್ನು ಅವರು ಕೇಳಿ ಪಡೆದದ್ದಲ್ಲ. ಕೊಟ್ಟ ಮೇಲೆ ಬೇಡವೆಂದೂ ಹೇಳಲಿಲ್ಲ.

ಹಿಂದಿನ ಸಂಜೆ ಲಿಫ್ಟಿನಲ್ಲಿ ಮೇಲಿನ ಮಹಡಿಯ ಹರ್ಬರ್ಟ್ ಪೊರ್ಬುಗಳು ಸಿಕ್ಕಿದ್ದರು. ಅವರು ಒಂದು ಹೋಟೆಲಿನಲ್ಲಿ ಸ್ಟೋರ್ ಕೀಪರ್, ಮಾತಿಗೆ ನಿಂತರೆ ಲಿಫ್ಟು ಕೂಡ ಕಾಯಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಸೆಕ್ಯೂರ್ ಬೂಟ್ ಆನ್ ಉಂಟಾ ಎಂದು ಅವರು ಕೇಳಿದರು. ಹಾಗೆಂದರೆ ಏನೆಂದು ಅಳಿಯಂದಿರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು, ಆದರೆ ಲಿಫ್ಟಿನಲ್ಲಿ ಬೇರೆ ಜನವೂ ಇದ್ದರು.

"ಅದು ಆನ್ ಇಲ್ಲದೆ ನಾನು ಮಲಗುವುದೇ ಇಲ್ಲ ಪೊರ್ಬುಗಳೇ," ಎಂದರು.

ಸುಳ್ಳು ಹೇಳಿದ ಮೇಲೆ ಸುಮ್ಮನಿರುವುದು ಒಂದು ದಾರಿ. ಅದನ್ನು ಸತ್ಯ ಮಾಡಲು ಹೊರಡುವುದು ಇನ್ನೊಂದು ದಾರಿ. ಅಳಿಯಂದಿರು ಮರ್ಯಾದಸ್ಥರು, ಎರಡನೆಯದನ್ನು ಹಿಡಿದರು. ಶುಕ್ರವಾರ ಕಾಫಿ ಕುಡಿದು, ಫೋನಿನಲ್ಲಿ ಯಾವುದೋ ವಿಡಿಯೋ ಹಚ್ಚಿ, ಕಂಪ್ಯೂಟರ್ ಕಣ್ಣು ಬಿಡುವ ಮೊದಲೇ ಒಂದು ಗುಂಡಿ ಒತ್ತಿ ಹಿಡಿದು ಅದರ ಒಳಮನೆಗೆ ಹೊಕ್ಕರು. ಈ ಸೆಕ್ಯೂರ್ ಬೂಟ್ ಎಂಬುದು ಬಾಗಿಲ ಕಾವಲುಗಾರನಂತೆ. ಕಂಪ್ಯೂಟರ್ ಏಳುವ ಹೊತ್ತಿಗೆ ಒಳಗೆ ಬರುವವರು ಮನೆಯವರೇ ಹೌದೋ ಅಲ್ಲವೋ ಎಂದು ನೋಡುವುದು ಅವನ ಕೆಲಸ. ನಮ್ಮದರಲ್ಲಿ ಅವನು ಮೊದಲಿನಿಂದಲೂ ಮಲಗಿಯೇ ಇದ್ದ, ಯಾರಿಗೂ ತೊಂದರೆ ಇರಲಿಲ್ಲ. ಅಳಿಯಂದಿರು ಎಬ್ಬಿಸಿದರು. ನಡುವೆ ಏನೇನೋ ಪ್ರಶ್ನೆಗಳು ಬಂದವಂತೆ, ಎಲ್ಲದಕ್ಕೂ ಎಸ್ ಎಂದು ಒತ್ತಿದರಂತೆ. ಕೇಳಿದ್ದಕ್ಕೆ ಇಲ್ಲ ಎನ್ನುವುದು ಅವರ ಸ್ವಭಾವದಲ್ಲಿಲ್ಲ. ನಿದ್ದೆಯಿಂದ ಎದ್ದ ಕಾವಲುಗಾರ ಮೊದಲು ಹೊರಗೆ ಹಾಕಿದ್ದು ಮನೆಯ ಯಜಮಾನರನ್ನೇ. ಪರದೆ ನೀಲಿಯಾಯಿತು. ರಿಕವರಿ ಕೀ ಕೊಟ್ಟರೆ ಮಾತ್ರ ಒಳಗೆ ಬಿಡುತ್ತೇನೆ ಎಂದು ಅದರ ಮೇಲೆ ಬರೆದಿತ್ತು.

ಒಂದು ಕಂಪ್ಯೂಟರ್ ಏಳಲಿಲ್ಲವೆಂದು ಲೋಕ ನಿಲ್ಲುವುದಿಲ್ಲ. ಆದರೆ ಅದರೊಳಗೆ ರತ್ನಾವತಿಯ ಅರ್ಜಿ ಇತ್ತು.

ಊರಲ್ಲಿ ಅವಳು ಮೂರನೇ ಕ್ಲಾಸಿನ ಟೀಚರ್ ಆಗಿದ್ದವಳು. ಕುವೈತಿಗೆ ಬಂದ ಮೇಲೆ ಅವಳಿಗೆ ಪಾಠ ಹೇಳಲು ಸಿಕ್ಕಿದ್ದು ಗಂಡನೊಬ್ಬರೇ, ಅವರು ಕಲಿಯುವ ಪೈಕಿ ಅಲ್ಲ. ಹತ್ತಿರದ ಒಂದು ಶಾಲೆಯಲ್ಲಿ ಜಾಗ ಖಾಲಿ ಇದೆ, ಒಂದು ಪತ್ರ ಬರೆದು ಸರ್ಟಿಫಿಕೇಟುಗಳ ಜೊತೆ ಕಳಿಸು ಎಂದು ಅಲ್ಲಿ ಕೆಲಸ ಮಾಡುವ ಜೋಸ್ವಿನ್ ಟೀಚರ್ ಹೇಳಿದ್ದರು. ರತ್ನಾವತಿ ಅಂದೇ ಕುಳಿತು ಬರೆದಳು. ಅಳಿಯಂದಿರು ಓದಿ ನೋಡಿ, ವಿಷಯ ಸರಿ ಉಂಟು, ಸ್ವಲ್ಪ ಪಾಲಿಶ್ ಬೇಕು, ನಾನೇ ಮಾಡಿ ಕಳಿಸುತ್ತೇನೆ ಎಂದರು. ಪಾಲಿಶ್ ಶುರುವಾಯಿತು. ರಂಜಾನ್ ಬಂತು, ಪಾಲಿಶ್ ನಡೆದಿತ್ತು. ಈದ್ ಕಳೆಯಿತು, ಅಕ್ಷರದ ಗಾತ್ರದ ಬಗ್ಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಹಿಂದಿನ ದಿನ ಜೋಸ್ವಿನ್ ಟೀಚರ್ ಫೋನು ಮಾಡಿ, ಶುಕ್ರವಾರ ಸಂಜೆಯೊಳಗೆ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರು ತಯಾರಿದ್ದಾರೆ ಎಂದು ಹೇಳಿದರು. ಪತ್ರವನ್ನಾದರೆ ಫೋನಿನಲ್ಲೇ ಮತ್ತೆ ಬರೆಯಬಹುದಿತ್ತು. ಸರ್ಟಿಫಿಕೇಟುಗಳು ಹಾಗಲ್ಲ. ಅವುಗಳ ಪ್ರತಿ ಇದ್ದದ್ದು ಈ ಕಂಪ್ಯೂಟರಿನಲ್ಲಿ, ಅಸಲು ಇದ್ದದ್ದು ಮಂಗಳೂರಿನ ಬ್ಯಾಂಕ್ ಲಾಕರಿನಲ್ಲಿ.

ರತ್ನಾವತಿ ಜಗಳ ಮಾಡಲಿಲ್ಲ. ನೀಲಿ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಸಂಜೆಯೊಳಗೆ," ಎಂದಳು.

ಒಳಗೆ ಹೋಗಿ ಒಣಗಿದ್ದ ಬಟ್ಟೆಯನ್ನು ಮತ್ತೊಮ್ಮೆ ಹಿಂಡುವಷ್ಟು ಗಟ್ಟಿಯಾಗಿ ಮಡಚತೊಡಗಿದಳು.

ಸೋಫಾದಲ್ಲಿ ಮಲಗಿದ್ದ ಮೊಮ್ಮಗಳು ಅಕ್ಷಿತಾ ತನ್ನ ಫೋನಿನಿಂದ ಕಣ್ಣೆತ್ತದೆ, ಆ ಕೀ ಅಕೌಂಟಿನಲ್ಲಿ ಇರ್ತದೆ ಡ್ಯಾಡಿ, ಜಸ್ಟ್ ಚೆಕ್ ದ ಅಕೌಂಟ್ ಎಂದಳು. ಅಕೌಂಟ್ಸಿನ ವಿಷಯ ನೀನು ನನಗೆ ಹೇಳಿಕೊಡಬೇಡ ಎಂದು ಅಳಿಯಂದಿರು ಹೇಳಿದರು. ಅವಳು ವಾಟೆವರ್ ಎಂದು ಕಿವಿಗೆ ಇಯರ್‌ಫೋನ್ ತುರುಕಿಕೊಂಡಳು. ಆ ಮನೆಯಲ್ಲಿ ಆ ದಿನ ಆಡಿದ ಸರಿಯಾದ ಮಾತು ಅದೊಂದೇ ಆಗಿತ್ತು, ಅದರ ಕಥೆ ಅಲ್ಲಿಗೆ ಮುಗಿಯಿತು.

ಅಳಿಯಂದಿರು ಮಮ್ಮಾಲಿ ಕಾಕನಿಗೆ ಫೋನು ಹಚ್ಚಿದರು.

ಮಮ್ಮಾಲಿ ಕಾಕ ಬಂಟ್ವಾಳದ ಕಡೆಯವರು. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರದ್ದೊಂದು ಗ್ಯಾರೇಜು. ನಮ್ಮ ಕಾರನ್ನು ಕೊಡಿಸಿದವರೂ ಅವರೇ, ಕಂಪ್ಯೂಟರನ್ನು ಕೊಡಿಸಿದವರೂ ಅವರೇ, ಎರಡೂ ಸೆಕೆಂಡ್ ಹ್ಯಾಂಡ್. ಕಾಕನ ಲೋಕದಲ್ಲಿ ಬೂಟ್ ಎಂದರೆ ಕಾರಿನ ಡಿಕ್ಕಿ. ಸೆಕ್ಯೂರಿಟಿ ಎಂದರೆ ಕಾರನ್ನು ಮುಟ್ಟಿದರೆ ಬೊಬ್ಬೆ ಹೊಡೆಯುವ ಅಲಾರಂ. ರಿಕವರಿ ಎಂದರೆ ದಾರಿಯಲ್ಲಿ ಕೆಟ್ಟು ನಿಂತ ಕಾರನ್ನು ಬೆನ್ನ ಮೇಲೆ ಹೊತ್ತು ತರುವ ಲಾರಿ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು ಗಂಜಿ ತಿರುವುತ್ತಾ, ಸ್ಪೀಕರಿಗೆ ಹಾಕಿದ ಫೋನಿನ ಮಾತು ಕೇಳುತ್ತಿದ್ದೆ, ಎಷ್ಟು ತಿಳಿದವರು ಇಬ್ಬರೂ ಎಂದುಕೊಳ್ಳುತ್ತಿದ್ದೆ.

"ಕಾಕಾ, ನೀವು ಕೊಡಿಸಿದ್ದು ಸ್ಟಾರ್ಟ್ ಆಗುವುದಿಲ್ಲ."

"ನಿನ್ನೆವರೆಗೆ ಸರಿ ಇತ್ತಲ್ಲ ಕಮಲಾಕ್ಷಣ್ಣ. ಎಂಥ ಮಾಡಿದ್ರಿ?"

"ಬೂಟ್ ಸೆಕ್ಯೂರಿಟಿಯ ಸೆಟ್ಟಿಂಗ್ ಸ್ವಲ್ಪ ಮುಟ್ಟಿದೆ."

"ಬೂಟನ್ನು ನೀವು ಯಾಕೆ ಮುಟ್ಲಿಕ್ಕೆ ಹೋದದ್ದು? ಲಾಕ್ ಆಯ್ತಾ?"

"ಪೂರಾ ಲಾಕ್. ಈಗ ರಿಕವರಿ ಕೀ ಬೇಕಂತೆ."

"ರಿಕವರಿಯೂ ಬೇಕು, ಕೀಯೂ ಬೇಕು. ಬ್ಯಾಟರಿ ಹೇಗುಂಟು?"

"ಬ್ಯಾಟರಿ ಫುಲ್ ಉಂಟು."

"ಹಾಗಾದ್ರೆ ವೈರಿಂಗ್. ಈಗ ಎಲ್ಲಿಟ್ಟಿದ್ದೀರಿ?"

"ಇಲ್ಲೇ, ಮನೆಯಲ್ಲೇ."

"ಅಲ್ಲೇ ಇರ್ಲಿ. ಇನ್ನು ಕೈ ಹಾಕ್ಬೇಡಿ. ನಾನು ಜುಮ್ಮಾ ನಮಾಜಿಗೆ ಹೊರಟೆ, ಅಷ್ಟರಲ್ಲಿ ನಮ್ಮ ಸುಂದರನನ್ನು ಕಳಿಸ್ತೇನೆ. ಖಲಾಸ್, ಟೆನ್ಶನ್ ಮಾಡ್ಬೇಡಿ."

ಅಳಿಯಂದಿರು ಫೋನಿಟ್ಟು, ನೋಡಿ ಮಾಮಿ, ಕಂಪ್ಯೂಟರ್ ಗೊತ್ತಿದ್ದವರ ಹತ್ತಿರ ಮಾತಾಡಿದರೆ ಎಷ್ಟು ಬೇಗ ಮುಗಿಯುತ್ತದೆ ಎಂದರು.

ಅಷ್ಟರಲ್ಲಿ ಮೇಲಿನ ಮನೆಯಿಂದ ಹರ್ಬರ್ಟ್ ಬಂದರು. ನೀಲಿ ಪರದೆಯನ್ನು ರೋಗಿಯ ನಾಡಿ ಹಿಡಿದವರ ಹಾಗೆ ಬಹಳ ಹೊತ್ತು ನೋಡಿದರು. ಗ್ಯಾರೇಜಿನವರನ್ನು ನಂಬಬೇಡಿ, ಪಕ್ಕದ ಬೀದಿಯಲ್ಲಿ ನನಗೆ ಗೊತ್ತಿರುವ ಕಂಪ್ಯೂಟರ್ ಅಂಗಡಿ ಉಂಟು, ಜುಮ್ಮಾ ಮುಗಿದ ಮೇಲೆ ಬಾಗಿಲು ತೆಗೆಯುತ್ತಾರೆ, ಅಲ್ಲಿಗೆ ಹೋಗುವ ಎಂದರು. ಅಳಿಯಂದಿರು ಆ ಲ್ಯಾಪ್‌ಟಾಪ್ ಕಂಪ್ಯೂಟರನ್ನು ಮಡಚಿ ಒಂದು ಬೆಡ್‌ಶೀಟಿನಲ್ಲಿ ಬಾಣಂತಿಯ ಮಗುವಿನಂತೆ ಸುತ್ತಿ, ಕೆಳಗೆ ಹೋಗಿ ಕಾರಿನ ಡಿಕ್ಕಿಯಲ್ಲಿ ಮಲಗಿಸಿ, ಬೀಗ ಹಾಕಿ ಮೇಲೆ ಬಂದರು. ಜುಮ್ಮಾ ಮುಗಿಯುವವರೆಗೆ ಒಂದು ಬಾಯಿ ಉಣ್ಣುವ ಎಂದು ಇಬ್ಬರೂ ಗಂಜಿಗೆ ಕುಳಿತರು.

ಎರಡನೇ ಸಲ ಗಂಜಿ ಬಡಿಸುವಾಗ ಅಳಿಯಂದಿರ ಫೋನು ಹೊಡೆಯಿತು. ಗೊತ್ತಿಲ್ಲದ ನಂಬರು. ಕುವೈತಿನಲ್ಲಿ ಗೊತ್ತಿಲ್ಲದವರೊಡನೆ ಮೊದಲು ಹಿಂದಿ, ಆಮೇಲೆ ಊರು ಯಾವುದೆಂದು ಕೇಳುವುದು. ಆಚೆಯವನು, ಸಾಬ್, ನೀಚೆ ಆಯಾ ಹೂಂ, ಲೇಕೆ ಜಾವೂಂ ಎಂದು, ಅಂದರೆ ಕೆಳಗೆ ಬಂದಿದ್ದೇನೆ, ಒಯ್ಯಲಾ ಎಂದು ಕೇಳಿದ. ಶುಕ್ರವಾರ ಲಾಂಡ್ರಿಯವನು ಬರುವ ದಿನ, ಬಟ್ಟೆಯ ಗಂಟನ್ನು ಅಳಿಯಂದಿರು ಬೆಳಿಗ್ಗೆಯೇ ಕೆಳಗೆ ಇಟ್ಟು ಬಂದಿದ್ದರು. ಲೇ ಜಾವ್ ಭಾಯಿ, ಬಹುತ್ ಗಂದಾ ಹೈ, ಅಚ್ಛಾ ಧೋನಾ ಎಂದರು, ಕೊಳೆಯೆಲ್ಲ ಹೋಗುವಂತೆ ಚೆನ್ನಾಗಿ ತೊಳೆಯಲಿ ಎಂದು. ಮುಲ್ಕಿಯವರಾದ ಅಳಿಯಂದಿರು, ಆಚೆಯವನು ಪಕ್ಕದ ಕಿನ್ನಿಗೋಳಿಯವನೆಂದು ತಿಳಿಯದೆ, ಅವನ ಜೊತೆ ಹೀಗೆ ಹಿಂದಿಯಲ್ಲಿ ಮಾತು ಮುಗಿಸಿ ಉಪ್ಪಿನಕಾಯಿಗೆ ಕೈ ಹಾಕಿದರು.

ನಾನು ಕಿಟಕಿಯಿಂದ ನೋಡಿದೆ. ಕೆಳಗೆ ಒಂದು ಚಪ್ಪಟೆ ಬೆನ್ನಿನ ಲಾರಿ ನಿಂತು, ಸರಪಳಿ ಹಾಕಿ ಯಾರದೋ ಬಿಳಿ ಕಾರನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಅಷ್ಟು ಎತ್ತರದಿಂದ ನೋಡಿದರೆ ಈ ಊರಿನ ಕಾರುಗಳೆಲ್ಲ ಬಿಳಿ. ಪಾಪ, ಯಾರ ಕಾರನ್ನೋ ಎಳೆದುಕೊಂಡು ಹೋಗುತ್ತಿದ್ದಾರೆ ಎಂದೆ.

ಅಳಿಯಂದಿರು ಎದ್ದು ನೋಡಲಿಲ್ಲ. ಪಾರ್ಕಿಂಗಿನ ಶಿಸ್ತು ಇಲ್ಲದವರಿಗೆ ಹಾಗೇ ಆಗಬೇಕು, ಎಲ್ಲಿ ನಿಲ್ಲಿಸಬಹುದು ಎಲ್ಲಿ ನಿಲ್ಲಿಸಬಾರದು ಎಂದು ಬೋರ್ಡು ಇರುತ್ತದೆ, ನಮ್ಮವರು ಬೋರ್ಡು ಓದುವುದಿಲ್ಲ ಎಂದು ಹರ್ಬರ್ಟ್ ಅವರಿಗೆ ತಿಳಿಸಿ ಹೇಳಿದರು. ಹರ್ಬರ್ಟ್ ಅದು ಹೌದೆಂದರು. ಈ ವಿಷಯದ ಮೇಲೆ ಮಾತು ಗಂಜಿಯ ತಟ್ಟೆ ಒಣಗುವವರೆಗೂ ನಡೆಯಿತು.

ಅವರಿಬ್ಬರ ಹಿಂದೆ ನಾನೂ ರತ್ನಾವತಿಯೂ ಕೆಳಗೆ ಹೋದಾಗ ಕಾರು ಇರಲಿಲ್ಲ. ಲಾಂಡ್ರಿಯ ಗಂಟು ಇಟ್ಟಲ್ಲೇ ಇತ್ತು. ಬಿಲ್ಡಿಂಗ್ ಕಾಯುವವನು ಮಸೀದಿಯಿಂದ ಆಗಷ್ಟೇ ಬರುತ್ತಿದ್ದ, ಅವನಿಗೇನೂ ಗೊತ್ತಿರಲಿಲ್ಲ. ಅಳಿಯಂದಿರು ಖಾಲಿ ಜಾಗದಲ್ಲಿ ಅತ್ತಿಂದಿತ್ತ ನಡೆದರು, ಕಾರು ಅಲ್ಲಿಯೇ ಎಲ್ಲೋ ಬಿದ್ದಿರಬಹುದು ಎಂಬಂತೆ ನೆಲವನ್ನೂ ನೋಡಿದರು. ಮಮ್ಮಾಲಿ ಕಾಕನಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಶುಕ್ರವಾರ ನಮಾಜು, ಬಿರಿಯಾನಿ, ನಿದ್ದೆ, ಈ ಮೂರೂ ಮುಗಿಯದೆ ಕಾಕ ಯಾರಿಗೂ ಸಿಗುವುದಿಲ್ಲ.

ಮೇಲಿನಿಂದ ಕಂಡದ್ದು ನಮ್ಮದೇ ಕಾರು ಎಂದು ನಾನು ಹೇಳಬೇಕಾಯಿತು. ಪೊಲೀಸರೇ ಎಳೆದುಕೊಂಡು ಹೋಗಿರಬೇಕು ಎಂದು ಹರ್ಬರ್ಟ್ ತೀರ್ಪು ಕೊಟ್ಟರು. ಬೋರ್ಡು ಎಲ್ಲಿದೆ ಎಂದು ಹುಡುಕಿದೆವು. ಬೋರ್ಡು ಇರಲಿಲ್ಲ.

ಕಾರು ಹೋದರೆ ಕಂಪ್ಯೂಟರ್ ಹೋಯಿತು, ಕಂಪ್ಯೂಟರ್ ಹೋದರೆ ಸರ್ಟಿಫಿಕೇಟುಗಳೂ ಹೋದವು. ರತ್ನಾವತಿ ಗಂಟೆ ನೋಡಿದಳು. ಅಳಿಯಂದಿರು ಅವಳ ಮುಖ ನೋಡದೆ, ಪೊಲೀಸ್ ಠಾಣೆಗೆ ಹೋಗುವ ಎಂದರು. ನನ್ನನ್ನೂ ಬರಹೇಳಿದರು. ವಯಸ್ಸಾದವರು ಜೊತೆಗಿದ್ದರೆ ಇಲ್ಲಿಯ ಪೊಲೀಸರು ಮರ್ಯಾದೆ ಕೊಡುತ್ತಾರಂತೆ. ಅಕ್ಷಿತಾಳನ್ನು ಮನೆಯಲ್ಲಿ ಬಿಟ್ಟು ನಾವು ನಾಲ್ವರು ಹರ್ಬರ್ಟ್ ಅವರ ಕಾರಿನಲ್ಲಿ ಹೊರಟೆವು.

ಠಾಣೆಯಲ್ಲಿ ಎ.ಸಿ. ತಂಪಾಗಿತ್ತು. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಎಳೆ ವಯಸ್ಸಿನವರು, ಅವರ ಹಿಂದಿ ನಮ್ಮೆಲ್ಲರ ಹಿಂದಿಗಿಂತ ಚೆನ್ನಾಗಿತ್ತು. ಅಳಿಯಂದಿರು ಹೋದವರೇ ಕೈಮುಗಿದು, ತಪ್ಪು ನನ್ನದೇ, ಇನ್ನು ಮುಂದೆ ಅಲ್ಲಿ ನಿಲ್ಲಿಸುವುದಿಲ್ಲ ಎಂದರು. ಎಲ್ಲಿ ಎಂದು ಅವರು ಕೇಳಿದರು. ಅಳಿಯಂದಿರು ಜಾಗ ಹೇಳಿದರು. ಅಲ್ಲಿ ನಿಲ್ಲಿಸಬಹುದಲ್ಲ ಎಂದರು ಅಧಿಕಾರಿ. ಅವರು ಕಂಪ್ಯೂಟರಿನಲ್ಲಿ ಹುಡುಕಿ ನೋಡಿ, ನಿಮ್ಮ ಗಾಡಿಯನ್ನು ನಾವು ತೆಗೆದಿಲ್ಲ ಎಂದು ಹೇಳಿದರು. ಅವರ ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದದ್ದನ್ನು ಅಳಿಯಂದಿರು ಬಹಳ ಹೊತ್ತು ನೋಡಿದರು.

ಹಾಗಾದರೆ ಕಳ್ಳತನ ಎಂದು ತೀರ್ಮಾನವಾಯಿತು. ಅಧಿಕಾರಿ ಪೆನ್ನು ತೆಗೆದರು. ಗಾಡಿಗೆ ಬೀಗ ಹಾಕಿದ್ದೀರಾ ಎಂದು ಕೇಳಿದರು.

"ಸೆಕ್ಯೂರಿಟಿ ಆನ್ ಮಾಡಿದ್ದೆ ಸಾರ್. ಅದರಿಂದಲೇ ಇಷ್ಟೆಲ್ಲ ಆದದ್ದು."

ಅಧಿಕಾರಿ ಇದನ್ನು ಬರೆಯುವುದೋ ಬೇಡವೋ ಎಂದು ಸ್ವಲ್ಪ ಯೋಚಿಸಿ, ಬರೆಯದೆ ಮುಂದೆ ಹೋದರು. ಗಾಡಿಯಲ್ಲಿ ಬೆಲೆಬಾಳುವ ವಸ್ತು ಏನಿತ್ತು ಎಂದರು. ಅಳಿಯಂದಿರು ಬಾಯಿ ತೆರೆಯುವ ಮೊದಲೇ ರತ್ನಾವತಿ ಮುಂದೆ ಬಂದಳು.

"ನನ್ನ ಕೆಲಸದ ಅರ್ಜಿ ಇತ್ತು. ಇವತ್ತು ಸಂಜೆಯೊಳಗೆ ಹೋಗಬೇಕು. ನಾನು ಬರೆದು ಎಷ್ಟೋ ಕಾಲವಾಯಿತು."

ಮತ್ತೆ ಯಾಕೆ ಕಳಿಸಲಿಲ್ಲ ಎಂದು ಅಧಿಕಾರಿ ಕೇಳಿದರು. ರತ್ನಾವತಿ ಗಂಡನ ಕಡೆಗೆ ಕೈ ತೋರಿಸಿದಳು. ಅಧಿಕಾರಿಯೂ ಆ ಕಡೆ ತಿರುಗಿದರು.

"ಪಾಲಿಶ್ ಬಾಕಿ ಇತ್ತು ಸಾರ್," ಎಂದರು ಅಳಿಯಂದಿರು.

"ಗಾಡಿಗಾ?"

ಇಷ್ಟರಲ್ಲಿ ಅಳಿಯಂದಿರ ಫೋನು ಹೊಡೆಯಿತು. ಅವರ ಅಭ್ಯಾಸದಂತೆ ಅದು ಸ್ಪೀಕರಿನಲ್ಲೇ ಮಾತಾಡಿತು. ಮಮ್ಮಾಲಿ ಕಾಕನ ಸ್ವರ ಇಡೀ ಠಾಣೆಗೆ ಕೇಳಿಸಿತು.

"ಕಮಲಾಕ್ಷಣ್ಣ, ಸ್ವಲ್ಪ ಮಲಗಿದ್ದೆ. ನಿಮ್ಮ ಗಾಡಿ ನೋಡಿದೆ, ಅದಕ್ಕೆ ಎಂಥದೂ ಆಗ್ಲಿಲ್ಲ. ನನ್ನ ಹತ್ತಿರ ಇದ್ದ ಸ್ಪೇರ್ ಕೀ ಹಾಕಿ ಸೆಲ್ಫ್ ಹೊಡೆದೆ, ಒಂದೇ ಸಲಕ್ಕೆ ಸ್ಟಾರ್ಟ್. ಬೂಟಿಗೆ ಮಾತ್ರ ಹೊಸ ಲಾಕ್ ಹಾಕಿಸಿದ್ದೇನೆ. ಮತ್ತೆ, ನೀವು ಸುಂದರನಿಗೆ ಹೇಳಿದ ಹಾಗೆ ಚಂದ ಮಾಡಿ ತೊಳೆದದ್ದೂ ಆಯ್ತು."

ಅಳಿಯಂದಿರು ನಿಧಾನವಾಗಿ ಫೋನನ್ನು ಜೇಬಿಗಿಳಿಸಿದರು. ಯಾರು ಅದು ಎಂದು ಅಧಿಕಾರಿ ಕೇಳಿದರು.

"ಕಳ್ಳ ಸಿಕ್ಕಿದ ಸಾರ್. ನಮ್ಮ ಊರಿನವರೇ. ಕರೆದದ್ದು ನಾನೇ ಅಂತೆ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಕಡೆಗೆ ನೀರಿನ ಬಾಟಲಿ ಸರಿಸಿ, ಅಮ್ಮನನ್ನು ಕರೆಯುವಂತೆ ಯುಮ್ಮಾ ಎಂದು ಕರೆದು, ಈ ಅಳಿಯನನ್ನು ಮಗಳಿಗೆ ಹುಡುಕಿ ಕೊಟ್ಟದ್ದು ಯಾರು ಎಂದು ಬಹಳ ಗೌರವದಿಂದ ಕೇಳಿದರು. ಜಾತಕ ಎಂಬುದಕ್ಕೆ ಹಿಂದಿ ಶಬ್ದ ತಟ್ಟನೆ ಹೊಳೆಯಲಿಲ್ಲವಾದ್ದರಿಂದ ನಾನು ನೀರು ಕುಡಿದೆ.

ಶುವೈಖಿಗೆ ಹೋಗುವ ದಾರಿಯಲ್ಲಿ ಬಿಸಿಲು ಪಡುವಣಕ್ಕೆ ವಾಲಿತ್ತು. ರತ್ನಾವತಿಯ ಫೋನು ಹೊಡೆಯಿತು. ಜೋಸ್ವಿನ್ ಟೀಚರ್. ಇನ್ನೂ ಬಂದಿಲ್ಲವಲ್ಲ ರತ್ನಾ, ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೂಗುವ ಹೊತ್ತಿಗೆ ನಾನು ಹೆಸರುಗಳನ್ನು ಪ್ರಿನ್ಸಿಪಾಲರಿಗೆ ಕೊಡಬೇಕು ಎಂದರು. ಬರುತ್ತದೆ ಎಂದು ರತ್ನಾವತಿ ಹೇಳಿದಳು. ಅವಳ ಸ್ವರದಲ್ಲಿ ನಂಬಿಕೆ ಇರಲಿಲ್ಲ, ಹಟ ಇತ್ತು.

ಸಿಗ್ನಲಿನಲ್ಲಿ ನಿಂತಾಗ ಅಳಿಯಂದಿರು ಹರ್ಬರ್ಟ್ ಅವರನ್ನು ಕೇಳಿದರು, ನಿಮ್ಮದರಲ್ಲಿ ಈ ಸೆಕ್ಯೂರ್ ಬೂಟ್ ಆನ್ ಮಾಡಿದಾಗ ಹೀಗೆ ಆಗಲಿಲ್ಲವಾ ಎಂದು.

"ನನ್ನ ಹತ್ತಿರ ಕಂಪ್ಯೂಟರ್ ಎಲ್ಲುಂಟು ಕಮಲಾಕ್ಷ?" ಎಂದರು ಹರ್ಬರ್ಟ್. "ಹೋಟೆಲಿನಲ್ಲಿ ಯಾರೋ ಹುಡುಗರು ಆ ಶಬ್ದ ಹೇಳುತ್ತಿದ್ದರು. ಹಾಗೆಂದರೆ ಎಂಥದು ಅಂತ ನಿಮ್ಮಿಂದ ತಿಳಿಯುವ ಅಂತ ಕೇಳಿದ್ದು. ನೀವು ಅದಿಲ್ಲದೆ ಮಲಗುವುದಿಲ್ಲ ಅಂದ್ರಿ. ಏನೋ ಹಾಸಿಗೆಯ ವಿಷಯ ಇರಬೇಕು ಅಂತ ಸುಮ್ಮನಾದೆ."

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರನ್ ಹೊಡೆಯುವವರೆಗೂ ಯಾರಿಗೂ ಅದು ಕಾಣಲಿಲ್ಲ.

ಗ್ಯಾರೇಜಿನ ಮುಂದೆ ನಮ್ಮ ಕಾರು ಮದುಮಗನಂತೆ ಫಳಫಳ ನಿಂತಿತ್ತು. ಮಮ್ಮಾಲಿ ಕಾಕ ಅದರ ಡಿಕ್ಕಿಯನ್ನು ಹೊಸ ಕೀಯಿಂದ ತೆರೆದು ತೋರಿಸಿದರು, ಮುಚ್ಚಿ ತೋರಿಸಿದರು, ಮತ್ತೆ ತೆರೆದರು. ಹೀಗೆ ಕೆಲಸ ಮಾಡುವವರು ಈಗ ಶುವೈಖಿನಲ್ಲಿ ಇಲ್ಲ ಎಂದರು. ಸುಂದರ ಕೈ ಒರೆಸಿಕೊಳ್ಳುತ್ತಾ ಬಂದು, ನೀವು ಊರಿನವರು ಅಂತ ಗೊತ್ತಿದ್ರೆ ತುಳುವಿನಲ್ಲೇ ಮಾತಾಡ್ತಿದ್ದೆ ಅಣ್ಣ ಎಂದ. ಅಳಿಯಂದಿರು ಡಿಕ್ಕಿಗೆ ಬಗ್ಗಿ, ಬೆಡ್‌ಶೀಟಿನ ಗಂಟನ್ನು ಎತ್ತಿ, ಬಿಚ್ಚಿ, ಕಂಪ್ಯೂಟರನ್ನು ಬಾನೆಟಿನ ಮೇಲಿಟ್ಟರು.

"ಕಾಕಾ, ಸ್ಟಾರ್ಟ್ ಆಗದ್ದು ಇದು."

ಮಮ್ಮಾಲಿ ಕಾಕ ಅದನ್ನು ನೋಡಿದರು. ಆಮೇಲೆ ಕಾರನ್ನು ನೋಡಿದರು. ಆಮೇಲೆ ಅಂಗಳದಲ್ಲಿ ನಿಂತಿದ್ದ ಲಾರಿಯನ್ನು ನೋಡಿದರು.

"ಇದಕ್ಕೆ ರಿಕವರಿ ಯಾಕೆ ಮಾರಾಯ್ರೆ? ಕಂಕುಳಲ್ಲಿ ಇಟ್ಕೊಂಡು ಬರ್ಬಹುದಿತ್ತಲ್ಲ."

ಯಾರು ಯಾರಿಗೆ ಏನು ಹೇಳಿದ್ದೆಂದು ಬಿಡಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸುಂದರ ಲಾರಿಯ ಹಿಂದೆ ಹೋಗಿ ಒಬ್ಬನೇ ನಕ್ಕು ಬಂದ. ಆಮೇಲೆ ಕಾಕನಿಗೆ ನೆನಪಾಯಿತು, ಈ ಕಂಪ್ಯೂಟರ್ ಅವರ ತಮ್ಮನ ಮಗ ಶಬೀರನದು. ಅವನು ರಾಯ್ ಎಂಬ ಏರಿಯಾದ ಒಂದು ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ, ಹೊಸದು ಕೊಂಡಾಗ ಇದನ್ನು ಕೊಟ್ಟಿದ್ದ. ಕಾಕ ಅವನಿಗೆ ಫೋನು ಮಾಡಿದರು. ಶಬೀರ್ ಎಲ್ಲವನ್ನೂ ಕೇಳಿ, ಆ ಕೀ ಅಂದರೆ ಬೀಗದ ಕೈ ಅಲ್ಲ, ಒಂದು ಉದ್ದ ನಂಬರು, ಕಂಪ್ಯೂಟರನ್ನು ಮೊದಲು ಶುರು ಮಾಡಿದವರ ಅಕೌಂಟಿನಲ್ಲಿ ಇರ್ತದೆ, ಅಂದರೆ ನನ್ನ ಅಕೌಂಟಿನಲ್ಲಿ, ಈಗಲೇ ನೋಡಿ ಹೇಳ್ತೇನೆ ಎಂದ. ಮೊಮ್ಮಗಳು ಬೆಳಿಗ್ಗೆ ಹೇಳಿದ ಅಕೌಂಟ್ ಇದೇ. ಅಳಿಯಂದಿರು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಂಬರು ಎಂದರೆ ಗೂಡ್ಸ್ ರೈಲಿನಷ್ಟು ಉದ್ದ. ಶಬೀರ್ ಇಂಗ್ಲಿಷಿನಲ್ಲಿ ಓದತೊಡಗಿದ. ಅಳಿಯಂದಿರಿಗೆ ತಪ್ಪಬಾರದೆಂದು ಮಮ್ಮಾಲಿ ಕಾಕ ಅದನ್ನು ಬ್ಯಾರಿ ಭಾಷೆಯಲ್ಲಿ ಹೇಳಿದರು. ಕಾಕ ಹೇಳಿದ್ದು ಸ್ಪಷ್ಟವಾಗಲಿಲ್ಲವೆಂದು ಹರ್ಬರ್ಟ್ ಕೊಂಕಣಿಯಲ್ಲಿ ಹೇಳಿದರು. ಸುಂದರ ತುಳುವಿನಲ್ಲಿ ಹೇಳಿದ. ಅಳಿಯಂದಿರು ಯಾರಿಗೂ ಬೇಸರವಾಗದಂತೆ ಎಲ್ಲರದ್ದನ್ನೂ ಒತ್ತಿದರು. ನಂಬರು ತಪ್ಪು ಎಂದಿತು ಕಂಪ್ಯೂಟರ್. ಮತ್ತೆ ಮೊದಲಿನಿಂದ. ಈ ಸಲ ಏಳು ಎಂದದ್ದು ಸಂಖ್ಯೆಯೋ ಎದ್ದೇಳು ಎಂದದ್ದೋ ಎಂದು ಚರ್ಚೆಯಾಗಿ, ಆ ಚರ್ಚೆಯಲ್ಲಿ ಮುಂದಿನ ಅಂಕಿಗಳು ಹಾದುಹೋದವು. ಮತ್ತೆ ತಪ್ಪು. ಆಚೆ ಶೆಡ್ಡುಗಳ ನೆರಳು ರಸ್ತೆ ದಾಟಿ ನಮ್ಮ ಕಾಲಿಗೆ ಬಂದಿತ್ತು. ಪಕ್ಕದ ಮಸೀದಿಯಲ್ಲಿ ಯಾರೋ ಮೈಕು ತಟ್ಟಿ ನೋಡಿದರು.

ರತ್ನಾವತಿ ಎದ್ದಳು.

"ಎಲ್ಲರೂ ಕೈ ಕಟ್ಟಿ. ಬಾಯಿ ಮೇಲೆ ಬೆರಳು."

ಸ್ವರ ದೊಡ್ಡದೇನಲ್ಲ. ಆದರೆ ಆ ಸ್ವರವನ್ನು ಮೂರನೇ ಕ್ಲಾಸು ದಾಟಿದ ಯಾವ ಮನುಷ್ಯನೂ ಮರೆಯುವುದಿಲ್ಲ. ಹರ್ಬರ್ಟ್ ನಿಜವಾಗಿ ಬಾಯಿ ಮೇಲೆ ಬೆರಳಿಟ್ಟರು. ಸುಂದರ ಕೈ ಕಟ್ಟಿದ. ಗ್ಯಾರೇಜು ತನ್ನದೆಂಬುದನ್ನು ಮರೆತು ಮಮ್ಮಾಲಿ ಕಾಕನೂ ಕೈ ಕಟ್ಟಿದರು. ಆಚೆ ಫೋನಿನಲ್ಲಿ ಶಬೀರ್ ಕೂಡ ನೆಟ್ಟಗೆ ಕುಳಿತಿರಬೇಕು, ಅವನ ಉಸಿರು ಬೇರೆಯಾಯಿತು. ಅಳಿಯಂದಿರು ಕೀಬೋರ್ಡು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

"ಶಬೀರ್, ಕೇಳ್ತಾ ಉಂಟಾ? ಅವಸರ ಇಲ್ಲ. ನಾಲ್ಕು ನಾಲ್ಕಾಗಿ ಹೇಳಬೇಕು. ನಿನ್ನ ಹಿಂದೆಯೇ ನಾನೂ ಹೇಳ್ತೇನೆ. ನಾನು ಸರಿ ಅಂದ ಮೇಲೆ ಮುಂದೆ. ಆಯ್ತಾ?"

"ಆಯ್ತು ಟೀಚರ್," ಎಂದ ಶಬೀರ್.

ಅವನು ಹೇಳಿದ. ಅವಳು ತಿರುಗಿ ಹೇಳಿ ಒತ್ತಿದಳು. ಒಮ್ಮೆ ಅವನೇ ತಪ್ಪಿ, ಸಾರಿ ಟೀಚರ್ ಎಂದು ತಿದ್ದಿಕೊಂಡ. ತೊಂದರೆ ಇಲ್ಲ, ನಿಧಾನ ಎಂದಳು ಅವಳು. ಶುವೈಖಿನ ಆ ಬೀದಿಯಲ್ಲಿ ಸುತ್ತಿಗೆಯ ಶಬ್ದವಿಲ್ಲದೆ ಅಷ್ಟು ಹೊತ್ತು ಕಳೆದದ್ದು ನನಗೆ ಆಶ್ಚರ್ಯ. ಎದುರಿನ ಅಂಗಡಿಯವರು ಟೈರು ಕೆಳಗಿಟ್ಟು ನೋಡುತ್ತಿದ್ದರು. ಮುಗಿದ ಮೇಲೆ ನೀಲಿ ಪರದೆ ಕಪ್ಪಾಯಿತು, ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಆಮೇಲೆ ಮನೆಯ ಪಟಗಳೆಲ್ಲ ಬಂದು ಕುಳಿತವು.

ಹೇಳಿದೆನಲ್ಲ, ದೊಡ್ಡ ಪ್ರಾಬ್ಲಮ್ ಏನಿರಲಿಲ್ಲ ಎಂದು ಅಳಿಯಂದಿರು ಹೇಳಿದರು. ಯಾರೂ ಕೈ ಬಿಚ್ಚಲಿಲ್ಲ, ಟೀಚರ್ ಇನ್ನೂ ಹೇಳಿರಲಿಲ್ಲ.

ಸುಂದರನ ಫೋನಿನಿಂದ ಇಂಟರ್‌ನೆಟ್ ತೆಗೆದುಕೊಂಡು ರತ್ನಾವತಿ ಅರ್ಜಿಯನ್ನು ತೆರೆದಳು. ಅಂಚಿಗೆ ಸುತ್ತಲೂ ಗುಲಾಬಿ ಹೂವು. ಮೊದಲ ವಾಕ್ಯದಲ್ಲಿ ಪ್ರಿನ್ಸಿಪಾಲರಿಗೆ ಆಯುರಾರೋಗ್ಯ ಕೋರಿತ್ತು. ಎರಡನೆಯದರಲ್ಲಿ, ನಾನು ಶುವೈಖಿನ ಪ್ರಸಿದ್ಧ ಟೈಲ್ಸ್ ಕಂಪನಿಯ ಅಕೌಂಟ್ಸ್ ಮತ್ತು ಕಂಪ್ಯೂಟರ್ ವಿಭಾಗದ ಶ್ರೀ ಕಮಲಾಕ್ಷ ಅವರ ಧರ್ಮಪತ್ನಿ ಎಂದಿತ್ತು. ಮುಂದಿನ ಪುಟ ಪೂರಾ ಆ ಕಂಪನಿಯ ಬಗ್ಗೆ. ಇಷ್ಟು ದಿನಗಳ ಪಾಲಿಶ್ ಎಲ್ಲಿಗೆ ಹೋಗಿತ್ತೆಂದು ನನಗೆ ಆಗ ತಿಳಿಯಿತು. ರತ್ನಾವತಿ ಅದನ್ನು ಅಲ್ಲಿಯವರೆಗೆ ಓದಿ ಮುಚ್ಚಿದಳು. ಹುಡುಕಿ, ತಾನು ಮೊದಲು ಬರೆದದ್ದನ್ನು ತೆರೆದಳು. ಅದರಲ್ಲಿ ಇದ್ದದ್ದು ಕೆಲವೇ ಸಾಲು. ನಾನು ಮಕ್ಕಳಿಗೆ ಓದಲು ಬರೆಯಲು ಕಲಿಸಿದ್ದೇನೆ, ಮತ್ತೆ ಕಲಿಸಬೇಕೆಂದಿದ್ದೇನೆ ಎಂದು.

ಬಾಂಗ್ ಇನ್ನೂ ಕೂಗಿರಲಿಲ್ಲ, ಅದಕ್ಕೆ ಸರ್ಟಿಫಿಕೇಟುಗಳನ್ನು ಜೋಡಿಸಿದಳು. ಅಳಿಯಂದಿರು ಕನ್ನಡಕ ಏರಿಸಿ ಅವಳ ಭುಜದ ಮೇಲಿಂದ ಬಗ್ಗಿದರು.

"ರತ್ನಾ, ಎರಡನೇ ಸಾಲಿನಲ್ಲಿ ಒಂದು ಕಾಮಾ ಬೇಕಿತ್ತು. ಸ್ವಲ್ಪ ತಾಳು, ನಾನು—"

ಪತ್ರ ಆಗಲೇ ಹೋಗಿತ್ತು.